ಕರಿಗುಡ್ಡದ ಸೇಡಿನ ಕೊನೆಯ ಏಳು ನಿಮಿಷ

ಆಗಸ್ಟ್ ೪, ಭಾನುವಾರ. ಹೊಳಲ್ಕೆರೆ

ನಿನ್ನೆ ಚಿತ್ರದುರ್ಗದ ವಿಚಾರ ಸಂಕಿರಣದಲ್ಲಿ ಆದ ಅವಮಾನವನ್ನು ನಿನ್ನೆಯೇ ಬರೆಯಬೇಕಿತ್ತು. ಆಗಲಿಲ್ಲ. ಇವತ್ತು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಬರೆಯಲು ಕೂತೆ.

ಮೂವತ್ತೈದು ನಿಮಿಷ ಮಾತನಾಡಿದೆ. ವಿಷಯ, ಕೆ. ಪಿ. ನಿಂಗರಾಜ. ಐದು ಸಿನಿಮಾ ಮಾಡಿ, ಐದೂ ಮಕಾಡೆ ಮಲಗಿ, ಯಾರಿಗೂ ನೆನಪಿಲ್ಲದೆ ತೀರಿಕೊಂಡ ನಿರ್ದೇಶಕ. ಪೋಸ್ಟರಿನಲ್ಲಿ ಮಚ್ಚು, ದೆವ್ವ, ನೀರಲ್ಲಿ ನೆನೆದ ನಾಯಕಿ. ಆ ಕಸದೊಳಗೆ ಒಬ್ಬ ಕವಿ ಕೂತಿದ್ದಾನೆ ಎಂದು ಕಂಡುಹಿಡಿದವನು ನಾನು, ಓಬಳೇಶಪ್ಪ, ನಿವೃತ್ತ ಕನ್ನಡ ಉಪನ್ಯಾಸಕ. ಪುಸ್ತಕಕ್ಕೆ ಲೇಖಕ ಇರುವ ಹಾಗೆ ಸಿನಿಮಾಕ್ಕೂ ಒಬ್ಬ ಕರ್ತೃ ಇರುತ್ತಾನೆ, ಅವನೇ ನಿರ್ದೇಶಕ. ಎಷ್ಟೇ ಅಗ್ಗದ ಕಥೆ ಕೊಟ್ಟು ಕೂರಿಸಿದರೂ ಅವನ ಸಹಿ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ. ಇದು ಕರ್ತೃ ಸಿದ್ಧಾಂತ. ನಿಂಗರಾಜನ ಸಹಿ ಇರುವುದು ‘ಕರಿಗುಡ್ಡದ ಸೇಡು’ ಚಿತ್ರದ ಕೊನೆಯಲ್ಲಿ. ತಂದೆಯನ್ನು ಕೊಂದವನ ಮೇಲೆ ನಾಯಕ ಮಚ್ಚು ಎತ್ತುತ್ತಾನೆ. ತಕ್ಷಣ ತಾಯಿ ಒಲೆ ಊದುತ್ತಿರುವ ದೃಶ್ಯ. ಮಾತಿಲ್ಲ, ಸಂಗೀತವಿಲ್ಲ, ಬರೀ ಹೊಗೆ. ಪರದೆ ಬೆಳ್ಳಗಾಗುತ್ತದೆ. ಸೇಡಿನ ಸಿನಿಮಾದಲ್ಲಿ ಸೇಡೇ ತೀರುವುದಿಲ್ಲ. ಇದನ್ನು ಮಾಡಲು ಎಷ್ಟು ಎದೆಗಾರಿಕೆ ಬೇಕು.

ಇಷ್ಟು ಹೇಳಿ ಕೂತೆ. ಉಷಾರಾಣಿ ಎಂಬ ಹುಡುಗಿ ಎದ್ದಳು. ಅಲ್ಲಿಯ ಕಾಲೇಜಿಗೆ ಹೋದ ವರ್ಷ ಉಪನ್ಯಾಸಕಿಯಾಗಿ ಸೇರಿದವಳು.

“ಸರ್, ಇದನ್ನ ನಿಂಗರಾಜರು ಒಬ್ರೇ ಮಾಡಿದ್ದು ಅಂತ ಹೆಂಗೆ ಹೇಳ್ತೀರಿ? ಸೇಡಿನ ಸಿನಿಮಾ ಅನ್ನೋದು ಒಂದು ಪ್ರಕಾರ. ಅದಕ್ಕೆ ಅದರದ್ದೇ ಕಟ್ಟುಪಾಡು ಇರ್ತಾವೆ. ನೋಡೋರು, ಹಂಚೋರು, ತೋರ್ಸೋರು, ಎಲ್ರೂ ಸೇರಿ ಆಗಿರ್ತೈತೆ. ನೀವು ಎಲ್ಲಾನೂ ಒಬ್ಬರ ತಲೆಗೆ ಕಟ್ತಿದೀರಿ.”

ಹಿಂದಿನ ಬೆಂಚಿನವರು ನಕ್ಕರು. ನಾನು ಈ ಚಿತ್ರವನ್ನು ಎಂಬತ್ತಾರರಲ್ಲಿ ಹೊಸದುರ್ಗದ ಟಾಕೀಸಿನಲ್ಲಿ ಹನ್ನೊಂದು ಸಲ ನೋಡಿದವನು ಎಂದೆ. “ಆ ಕೊನೆ ಬಂದಾಗ ಬೇರೆಯೋರು ಏನಂತಿದ್ರು ಸರ್?” ಅಂದಳು. ನಾನು ಪರದೆ ನೋಡುತ್ತಿದ್ದೆ, ಜನರನ್ನಲ್ಲ.

ಪ್ರಕಾರವಂತೆ. ಪ್ರಕಾರ ಎನ್ನುವುದು ಸಂತೆಯಲ್ಲಿ ಗುಡ್ಡೆ ಹಾಕಿ ಕೂರುವವರ ಲೆಕ್ಕ: ಬದನೆಕಾಯಿ ಇಲ್ಲಿ, ಮೆಣಸಿನಕಾಯಿ ಅಲ್ಲಿ. ಒಳಗೆ ಹುಳ ಇದೆಯೋ ತಿರುಳು ಇದೆಯೋ ಒಡೆದು ನೋಡುವ ತಾಳ್ಮೆ ಯಾರಿಗೂ ಇಲ್ಲ. ಇರಲಿ. ಹೊಸದುರ್ಗದಲ್ಲಿ ಆ ಚಿತ್ರವನ್ನು ಓಡಿಸಿದ ಆಪರೇಟರ್ ಇನ್ನೂ ಇದ್ದರೆ ಹುಡುಕಿ ಸಾಕ್ಷಿ ತಂದು ಆ ಹುಡುಗಿಯ ಮುಂದೆ ಇಡುತ್ತೇನೆ.

ಆಗಸ್ಟ್ ೬, ಮಂಗಳವಾರ

ಪುಸ್ತಕದ ಕರಡು ಬಂತು. ಪ್ರಕಾಶಕ ಪ್ರದೀಪ್ ನನ್ನ ಹಳೆಯ ವಿದ್ಯಾರ್ಥಿ. ‘ಕರ್ತೃ ನಿಂಗರಾಜ’, ಮುನ್ನೂರ ಹನ್ನೆರಡು ಪುಟ, ಸೆಪ್ಟೆಂಬರ್ ಹದಿನೈದಕ್ಕೆ ಬಿಡುಗಡೆ. ಒಲೆಯ ದೃಶ್ಯಕ್ಕೇ ನಲವತ್ತು ಪುಟ, ಅದರಲ್ಲಿ ಹನ್ನೊಂದು ಪುಟ ಬರೀ ಆ ಮೌನದ ಮೇಲೆ. ಮೂವತ್ತು ವರ್ಷದ ಕೆಲಸ.

ಯಶೋಧಾ ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. ಕೊನೆಯ ಅಧ್ಯಾಯ ಓದಿ ಹೇಳಿದೆ. ಕೇಳಿ ಮತ್ತೆ ಅದೇ ರಾಗ.

“ರೀ, ಆ ಪಿಚ್ಚರ್‌ನಾಗೆ ಕೊನೆಗೆ ಹೊಡೀತಾನಲ್ರಿ. ಹಿರಿಯೂರಾಗೆ ನಾನೇ ನೋಡಿದೀನಿ. ನಮ್ಮ ರಂಗಕ್ಕ ಕಣ್ಣು ಮುಚ್ಕಂಡು ಕುಂತಿದ್ಲು. ಆಮೇಲೆ ಪೊಲೀಸ್ನೋರು ಬರ್ತಾರೆ.”

ಮದುವೆಯಾದ ವರ್ಷದಿಂದ ಇದನ್ನೇ ಹೇಳುತ್ತಿದ್ದಾಳೆ. ಅದು ಬೇರೆ ಸಿನಿಮಾ, ಸೇಡಿನ ಸಿನಿಮಾಗಳೆಲ್ಲ ಒಂದೇ ಅಚ್ಚು, ನಿನಗೆ ಕಲಸುಮೇಲೋಗರವಾಗಿದೆ ಎಂದು ನಾನೂ ಮೂವತ್ತನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ. ಅಕ್ಕತಂಗಿಯರು ಹಿರಿಯೂರಿನಲ್ಲಿ ವಾರಕ್ಕೆರಡು ಸಿನಿಮಾ ನೋಡಿದವರು, ಯಾವ ಮಚ್ಚು ಯಾವ ಚಿತ್ರದ್ದು ಎಂದು ಎಲ್ಲಿ ನೆನಪಿರಬೇಕು. ಮನೆಯಲ್ಲೇ ಹೀಗೆ, ಇನ್ನು ಲೋಕಕ್ಕೆ ಏನು ತಿಳಿಸುವುದು.

ಆಗಸ್ಟ್ ೧೧, ಭಾನುವಾರ

ಹೊಸದುರ್ಗಕ್ಕೆ ಹೋಗಿ ಬಂದೆ. ಹೋಗಬಾರದಿತ್ತು.

ಟಾಕೀಸು ಇದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪ. ಆಪರೇಟರ್ ಹಜರತ್ ಅಲಿ ಮಗನ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೂತಿರುತ್ತಾನೆ ಎಂದು ಬೀಡಾ ಅಂಗಡಿಯವನು ಹೇಳಿದ. ಹೋದೆ. ಎಪ್ಪತ್ತೊಂಬತ್ತು ವರ್ಷದ ಮುದುಕ, ದಪ್ಪ ಕನ್ನಡಕ ಹಾಕಿಕೊಂಡು ಒಂದು ಮೋಟಾರಿಗೆ ತಂತಿ ಸುತ್ತುತ್ತಿದ್ದ. “ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ” ಎಂದು ಸ್ಟೂಲು ಕೊಟ್ಟ. ನಾನು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಮುಂದಿಟ್ಟು, ಕರಿಗುಡ್ಡದ ಸೇಡಿನ ಕೊನೆ ನೋಡಿ ಜನ ಹೇಗೆ ಸುಮ್ಮನಾಗುತ್ತಿದ್ದರು ಎಂದು ಕೇಳಿದೆ.

“ಯಾವ ಕೊನೆ? ಒಲೆ ಊದಾದಾ?”

“ಹೌದು, ಅದೇ.”

“ಅದು ನಾಕ್ನೇ ರೀಲಿಂದು ಮೇಷ್ಟ್ರೇ. ನಾನೇ ಅಲ್ಲಿಂದ ಕಿತ್ತು ಕೊನೆಗೆ ಅಂಟಿಸಿದ್ದೆ. ಅಸಲಿ ಕೊನೆ ಏಳು ನಿಮಿಷ ಐತೆ. ಫೈಟು, ಪೊಲೀಸು, ಮದುವೆ, ಎಲ್ಲಾ ಐತೆ.”

ಫೋನು ರೆಕಾರ್ಡ್ ಮಾಡುತ್ತಲೇ ಇತ್ತು. ಮೌನ? ಆ ಮೌನ ಎಲ್ಲಿಂದ ಬಂತು ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

“ಆ ಒಲೆ ಸೀನ್‌ನಾಗೆ ಕಾಮಿಡಿ ಮಾತಿದ್ವು. ಕೊನೇಗೆ ಚಂದ ಕಾಣಲ್ಲ ಅಂತ ಫಿಲಂ ಅಂಚಿನ ಸೌಂಡ್ ಪಟ್ಟಿಗೆ ಕಪ್ಪು ಮಸಿ ಬಳಿದೆ. ಮಸಿ ಬಳಿದ್ರೆ ಸೌಂಡ್ ಬರಲ್ಲ.”

ಹನ್ನೊಂದು ಪುಟ. ಕಪ್ಪು ಮಸಿ.

ಯಾಕೆ ಮಾಡಿದೆಯಪ್ಪಾ ಎಂದೆ. “ಬಾಗೂರಿನ ಲಾಸ್ಟ್ ಬಸ್ಸು ಒಂಬತ್ತೂ ಇಪ್ಪತ್ತಕ್ಕೆ. ಅರ್ಧ ಜನ ಕೊನೇಗೆ ಎದ್ದು ಓಡಾರು. ಅದಕ್ಕೆ ಏಳು ನಿಮಿಷ ಕಡಿಮೆ ಮಾಡ್ದೆ” ಎಂದು ಮತ್ತೆ ತಂತಿ ಸುತ್ತಲು ತೊಡಗಿದ. ಚಿತ್ರದ ಹಂಚಿಕೆದಾರ ಸಾಲದಲ್ಲಿ ಮುಳುಗಿಹೋದ, ಫಿಲಂ ಡಬ್ಬ ಒಯ್ಯಲು ಯಾರೂ ಬರಲಿಲ್ಲ. ಟಾಕೀಸು ಕೆಡವುವಾಗ ಬೆಂಗಳೂರಿನ ಯಾರೋ ಉತ್ಸಾಹಿಗಳು ಅದನ್ನು ತೆಗೆದುಕೊಂಡು ಹೋಗಿ ಕಂಪ್ಯೂಟರಿಗೆ ಹತ್ತಿಸಿದರು. ಲೋಕದಲ್ಲಿ ಉಳಿದಿರುವುದು ಆ ಒಂದೇ ಪ್ರಿಂಟು. ಅದಕ್ಕೆ ಕೇವಲ ಒಬ್ಬ ಆಪರೇಟರ್ ಕತ್ತರಿ ಹಾಕಿದ್ದಾನೆ.

ಆಗಸ್ಟ್ ೧೨, ಸೋಮವಾರ

ಬಸ್ಸಂತೆ.

ಆಗಸ್ಟ್ ೧೪, ಬುಧವಾರ

ಕತ್ತರಿಯ ಕಥೆಯನ್ನು ಪ್ರದೀಪನಿಗೆ ಫೋನಿನಲ್ಲಿ ಹೇಳಿದೆ. ಅವನು, “ಸರ್, ಇದು ನಿಮಗೆ, ನನಗೆ, ಆ ಸಾಬ್ರಿಗೆ ಬಿಟ್ರೆ ಇನ್ಯಾರಿಗೆ ಗೊತ್ತೈತೆ? ಹದಿನೈದಕ್ಕೆ ಪ್ರೋಗ್ರಾಂ ಮುಗಿದೋಗ್ಲಿ ಬಿಡ್ರಿ” ಅಂದ. ನನ್ನ ವಿದ್ಯಾರ್ಥಿ. ನಾನು ಕಲಿಸಿದ್ದು ಇದನ್ನಾ?

ಬೈದು ಫೋನಿಟ್ಟೆ. ಇಟ್ಟ ಮೇಲೆ ಅವನು ಹೇಳಿದ್ದು ಸರಿಯೇನೋ ಅನ್ನಿಸಿ ಇನ್ನೂ ಸಿಟ್ಟು ಬಂತು.

ಕರ್ತೃ ಸಿದ್ಧಾಂತ ಯಾರಿಗೆ ಏನು ಅನ್ಯಾಯ ಮಾಡಿದೆ? ಅದಿಲ್ಲದಿದ್ದರೆ ಇಂಥ ಬಡ ಸಿನಿಮಾವನ್ನು ಕಣ್ಣಿಟ್ಟು ನೋಡುವವರು ಯಾರು? ದೊಡ್ಡವರ ದೊಡ್ಡ ಸಿನಿಮಾಕ್ಕೆ ಎಲ್ಲರೂ ಕೈಮುಗಿಯುತ್ತಾರೆ. ಮಚ್ಚಿನ ಸಿನಿಮಾ ಮಾಡಿದವನಿಗೂ ಒಂದು ಮನಸ್ಸಿದೆ, ಒಂದು ಹಠವಿದೆ ಎಂದು ಗೌರವ ಕೊಟ್ಟ ಸಿದ್ಧಾಂತ ಅದೊಂದೇ. ನನಗೆ ಅದು ಬರೀ ಸಿದ್ಧಾಂತವೂ ಅಲ್ಲ. ಎಂಬತ್ತಾರರಲ್ಲಿ ನಮ್ಮೂರು ಮದಕರಿಪುರದ ಬಾವಿಯ ಪಾಲಿಗಾಗಿ ನಾನು ಅಣ್ಣನ ಮೇಲೆ ಕೇಸು ಹಾಕಿದ್ದೆ. ಅವನ ಮುಖ ಕಂಡರೆ ಕೈ ಮುಷ್ಟಿಯಾಗುತ್ತಿತ್ತು. ಆ ಒಲೆ, ಆ ಮೌನ ನೋಡಿದ ವಾರವೇ ಊರಿಗೆ ಹೋಗಿ ಕೇಸು ವಾಪಸ್ ತೆಗೆದುಕೊಂಡೆ. ಅಣ್ಣ ಸಾಯುವ ತನಕ ಅವನ ಮನೆಯಲ್ಲಿ ಉಂಡೆ. ಅದನ್ನು ನನಗೆ ಕೊಟ್ಟವನು ನಿಂಗರಾಜ ಎಂದು ನಂಬಿ ಮೂವತ್ತು ವರ್ಷ ಅವನ ಋಣ ತೀರಿಸುತ್ತಾ ಬಂದೆ. ಈಗ ನೋಡಿದರೆ ಕೊಟ್ಟದ್ದು ಬಾಗೂರಿನ ಬಸ್ಸು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವನು ನಾನೇ.

ಆಗಸ್ಟ್ ೧೮, ಭಾನುವಾರ

ಯಶೋಧಾಗೆ ಹೇಳಿದೆ. ಹೇಳದೆ ಎಷ್ಟು ದಿನ ಇರುವುದು. ನಕ್ಕುಬಿಡುತ್ತಾಳೆ ಎಂದು ಕಾದೆ, ನಗಲಿಲ್ಲ. ಚಪಾತಿ ಬೇಯಿಸುತ್ತಲೇ ಕೇಳಿದಳು:

“ನೀವು ನೋಡ್ತಿದ್ದದ್ದು ಯಾವ ಆಟ?”

“ಮ್ಯಾಟಿನಿ. ಕಾಲೇಜು ಮುಗಿಸಿ ಹೋಗುತ್ತಿದ್ದೆ. ಎರಡು ಸಲ ಮಾತ್ರ ಸಂಜೆಯ ಫಸ್ಟ್ ಶೋ.”

“ಮ್ಯಾಟ್ನೀಗೂ ಅಷ್ಟೇ ಇತ್ತಾ, ಒಲೆ ಊದೋದ್ರಾಗೇ ಮುಗೀತಿತ್ತಾ?”

“ಹೌದು.”

“ಮಧ್ಯಾಹ್ನದ ಆಟಕ್ಕೆ ಬಾಗೂರ್ ಬಸ್ಸಿನ ಚಿಂತೆ ಯಾಕ್ರಿ? ಆ ಸಾಬ್ರು ನಿಮಗೆ ಏನೋ ಮುಚ್ಚಿಟ್ಟವ್ರೆ.”

ನಾನು ತಟ್ಟೆ ಬಿಟ್ಟು ಎದ್ದೆ. ಇಂಥ ಸುಳ್ಳನ್ನು ಒಬ್ಬ ಉಪನ್ಯಾಸಕನ ಮುಖಕ್ಕೆ ಹೇಳಿ ಕಳಿಸಿದನಲ್ಲ. ನಾನು ಎಂಟು ದಿನ ನಂಬಿ ಕೂತೆನಲ್ಲ.

ಆಗಸ್ಟ್ ೨೧, ಬುಧವಾರ

ಜಗಳಕ್ಕೆಂದೇ ಹೋದೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಕೇಳಿದೆ: ಮ್ಯಾಟಿನಿಗೆ ಯಾವ ಬಸ್ಸಿತ್ತು ಸಾಹೇಬ್ರೇ? ಹಜರತ್ ಅಲಿ ಕನ್ನಡಕ ತೆಗೆದು ಒರೆಸಿದರು. ಮಗ ಕೈಸರ್‌ಗೆ ಟೀ ತರಲು ಹೇಳಿ, ಅವನು ಹೋದ ಮೇಲೆ ಮಾತಾಡಿದರು.

“ಟಾಕೀಸ್‌ನಾಗೆ ಶೇಂಗಾ ಮಾರಾಕೆ ಒಬ್ಳು ಹೆಣ್ಮಗಳು ಇದ್ಲು, ಜುಂಜಮ್ಮ ಅಂತ. ಇಂಟರ್ವಲ್ಲಿಗೆ ಮಾರಿ, ಆಟ ಮುಗಿಯೋಗಂಟ ಪರದೆ ಪಕ್ಕದ ಗೋಡೆಗೆ ಕುಂತಿರಾಳು. ಆ ಪಿಚ್ಚರ್ ಬರಾಕೆ ಎರಡು ತಿಂಗಳು ಮುಂಚೆ ಆಕೆ ಗಂಡನ್ನ ಮಚ್ಚಿನಾಗೆ ಹೊಡೆದು ಹಾಕಿದ್ರು. ಯಾರದೋ ಹೊಲದ ಬದುವಿನ ಜಗಳ. ಇವ್ನು ಕೂಲಿಗೆ ಹೋಗಿದ್ದ, ಬಿಡಿಸಾಕೆ ಹೋದ.”

ನಾನು ಮೆಟ್ಟಿಲ ಮೇಲೇ ಕೂತೆ.

“ಶುಕ್ರವಾರ ಮೊದಲ್ನೇ ಆಟ. ಹೀರೋ ಮಚ್ಚು ಎತ್ತಿ ಹೊಡೆದ. ಆ ಸೌಂಡು ಹಾಲ್ ತುಂಬ. ಜನ ಶೀಟಿ ಹೊಡೆದ್ರು. ನಾನು ಕ್ಯಾಬಿನ್ ಕಿಂಡಿಯಿಂದ ನೋಡಿದ್ನಲ್ಲ, ಆಕೆ ಕೈಯಾಗಿನ ಮೊರ ಬಿದ್ದೋಯ್ತು. ಅಳಲಿಲ್ಲ. ಜನ ಎಲ್ಲಾ ಹೋದ್ಮೇಲೂ ಒಂದೊಂದೇ ಶೇಂಗಾ ಆರಿಸ್ಕಂತ ಕುಂತಿದ್ಲು. ಹೊಟ್ಟೆಪಾಡು ಮೇಷ್ಟ್ರೇ, ಬರಬ್ಯಾಡ ಅನ್ನಾಕಾಗಲ್ಲ. ಪಿಚ್ಚರ್ ನಿಲ್ಸು ಅಂತ ಓನರ್‌ಗೆ ಹೇಳಾಕಾಗಲ್ಲ. ನನ್ನ ಕೈಯಾಗೆ ಇದ್ದದ್ದು ಕತ್ರಿ. ಶನಿವಾರ ಬೆಳಿಗ್ಗೆ ಕುಂತು ಕೊಯ್ದೆ.”

ನಾನು ಮೊದಲ ಸಲ ನೋಡಿದ್ದು ಶನಿವಾರ.

ಇದನ್ನು ಬರೆಯುತ್ತೇನೆ, ನಿಮ್ಮ ಹೆಸರು ಹಾಕುತ್ತೇನೆ ಎಂದೆ. ಅವರು ಕೈ ಅಡ್ಡ ಹಿಡಿದರು. “ಬ್ಯಾಡ್ರಿ. ಆಕೆ ಇನ್ನೂ ಅವ್ಳೆ, ಬಸ್ ಸ್ಟ್ಯಾಂಡ್‌ನಾಗೆ ಮಾರ್ತಾಳೆ. ಇಷ್ಟು ವರ್ಷ ಇವ್ನು ನನ್ನ ನೋಡಿ ಅಯ್ಯೋ ಪಾಪ ಅಂತಿದ್ದ ಅಂತ ಗೊತ್ತಾಗಬಾರ್ದು. ಬಸ್ಸು ಅಂತ್ಲೇ ಬರ್ಕಳ್ರಿ.” ಹೊರಡುವಾಗ ಒಳಗಿಂದ ತುಕ್ಕು ಹಿಡಿದ ಒಂದು ಬಿಸ್ಕತ್ ಡಬ್ಬ ತಂದು ಕೊಟ್ಟರು. ಕತ್ತರಿಸಿ ತೆಗೆದ ಏಳು ನಿಮಿಷ ಅದರಲ್ಲಿತ್ತು. “ಇದು ನಿಂಗರಾಜರದ್ದು. ಕದ್ದಂಗಾಗೈತೆ ನಂಗೆ. ನೀವೇ ಇಟ್ಕಳ್ರಿ.”

ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬ ಇಟ್ಟುಕೊಂಡು ಬಂದೆ. ಯಾರ ಮೇಲೆ ಸಿಟ್ಟಾಗಬೇಕು ಎಂದೇ ತಿಳಿಯುತ್ತಿಲ್ಲ. ನಿಜ ಹೇಳಿದರೆ ಆ ಹೆಂಗಸಿಗೆ ನೋವು, ಏನೂ ಹೇಳದಿದ್ದರೆ ಆಕೆಯೂ ಕ್ಷೇಮ, ನನ್ನ ಪುಸ್ತಕವೂ ಕ್ಷೇಮ. ನನ್ನ ಸ್ವಾರ್ಥವೂ ಒಳ್ಳೆಯತನವೂ ಒಂದೇ ದಾರಿ ತೋರಿಸುತ್ತಿರುವಾಗ ನಾನು ಯಾವುದನ್ನು ಹಿಡಿದು ಹೋಗುತ್ತಿದ್ದೇನೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಆಗಸ್ಟ್ ೨೩, ಶುಕ್ರವಾರ

ಕಿಟಕಿಯ ಬೆಳಕಿಗೆ ಹಿಡಿದು ಫಿಲಂ ನೋಡಿದೆವು, ಯಶೋಧಾ ಮತ್ತು ನಾನು. ಭೂತಗನ್ನಡಿ ಅವಳ ಕೈಯಲ್ಲಿ. ನಾನು ಸುರುಳಿ ಬಿಚ್ಚುತ್ತಾ ಹೋದೆ, ಅವಳು ಕಥೆ ಹೇಳುತ್ತಾ ಹೋದಳು. ಒಂದು ಚೌಕವೂ ತಪ್ಪಲಿಲ್ಲ. ಹೊಡೆಯುತ್ತಾನೆ. ಪೊಲೀಸರು ಬರುತ್ತಾರೆ. ದಫೇದಾರ ಸಗಣಿಯ ಮೇಲೆ ಜಾರಿ ಬೀಳುತ್ತಾನೆ. ಜಡ್ಜ್ ಸಾಹೇಬರು ನಾಯಕನನ್ನು ಬಿಡುತ್ತಾರೆ. ಮದುವೆ. ಎಲ್ಲರೂ ಸಾಲಾಗಿ ನಿಂತು ನಮ್ಮ ಕಡೆ ನೋಡಿ ನಗುತ್ತಾರೆ. ಮೂವತ್ತನಾಲ್ಕು ವರ್ಷ ಅವಳು ಹೇಳಿದ್ದು ಇದನ್ನೇ, ಇದೇ ಕ್ರಮದಲ್ಲಿ.

ಇದರಲ್ಲಿ ಸಹಿ ಎಲ್ಲಿ? ಯಾರು ಬೇಕಾದರೂ ತೆಗೆಯಬಹುದಾದ ಕೊನೆ. ಎಂಥ ಸಾಧಾರಣ ಮನುಷ್ಯನಿಗಾಗಿ ನಾನು ಸಂಕಿರಣಗಳಲ್ಲಿ ಹೊಡೆದಾಡಿದೆ ಎಂದು ನಿಂಗರಾಜನ ಮೇಲೆ ಕೆಂಡದಂಥ ಸಿಟ್ಟು ಬಂತು. ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

“ಆ ಮನುಷ್ಯಂಗೆ ಯಾಕೆ ಬೈತೀರಿ?” ಅಂದಳು. “ನಮ್ಮಪ್ಪ ಅಂಗಡಿ ಜಾಗಕ್ಕೆ ಹನ್ನೆರಡು ವರ್ಷ ಕೋರ್ಟಿಗೆ ಅಲೆದ್ರು, ಸಿಗಲಿಲ್ಲ. ಆ ಪಿಚ್ಚರ್ ನೋಡಿ ಬಂದ ದಿನ ನಂಗೂ ರಂಗಕ್ಕಂಗೂ ಉಂಡಷ್ಟು ತೃಪ್ತಿಯಾಗಿತ್ತು. ನ್ಯಾಯ ಸಿಕ್ಕೇ ಸಿಗ್ತೈತೆ ಅಂತ ಗೊತ್ತಿದ್ದೇ ಅಲ್ವಾ ದುಡ್ಡು ಕೊಟ್ಟು ಹೋಗ್ತಿದ್ದದ್ದು. ನಿಂಗರಾಜಪ್ಪ ಕೊಟ್ಟ ಮಾತು ಉಳಿಸ್ಕಂಡವ್ನೆ.”

ಇದನ್ನು ಬರೆದಿಟ್ಟುಕೊಂಡಿದ್ದೇನೆ. ಪ್ರಕಾರದ ಮೇಲೆ ನಾನು ಓದಿದ ಇಂಗ್ಲಿಷ್ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದು ನೆನಪಿಲ್ಲ. ಅವರು ಯಾಕೆ ಹೀಗೆ ಬರೆಯುವುದಿಲ್ಲ?

ಆಗಸ್ಟ್ ೨೭, ಮಂಗಳವಾರ

ಚಿತ್ರದುರ್ಗಕ್ಕೆ ಹೋಗಿ ಉಷಾರಾಣಿಯವರನ್ನು ಕಂಡೆ. ಜುಂಜಮ್ಮನ ಹೆಸರು ಬಿಟ್ಟು ಎಲ್ಲ ಹೇಳಿದೆ. ಗೆದ್ದೆ ಎಂದು ಬೀಗಲಿ, ಆಮೇಲೆ ಜಗಳವಾಡೋಣ ಎಂದು ತಯಾರಾಗಿಯೇ ಹೋಗಿದ್ದೆ.

ಅವರು ಬೀಗಲಿಲ್ಲ. “ನಿಮ್ಮ ಓದು ತಪ್ಪಲ್ಲ ಸರ್. ಯಾರೋ ಬೇಕು ಅಂತ್ಲೇ ಆ ಮಚ್ಚು ಬೀಳದಂಗೆ ತಡೆದವ್ರೆ ಅಂತ ನಿಮಗೆ ಕಂಡಿತ್ತು. ತಡೆದೋರು ಇದ್ರಲ್ಲ. ನನ್ನ ಲೆಕ್ಕದಾಗೆ ಆದ್ರೆ ಅದು ಎಲ್ರದ್ದೂ ಆಗಿ, ಕೊನೆಗೆ ಯಾರದ್ದೂ ಅಲ್ದಂಗೆ ಆಗೋಗಿರೋದು. ಆ ಆಪರೇಟರ್ ನನಗೂ ಕಂಡಿರ್ಲಿಲ್ಲ.”

ಸೋತವನಿಗೆ ಹೀಗೆ ಮರ್ಯಾದೆ ಕೊಟ್ಟರೆ ಏನು ಮಾಡುವುದು? ಬೈಯಲೂ ಆಗದೆ, ಅವರು ತರಿಸಿದ ಕಾಫಿ ಕುಡಿದು ಬಂದೆ. ಹದಿನೈದರ ಕಾರ್ಯಕ್ರಮದ ಆಮಂತ್ರಣ ಅಚ್ಚಾಗಿದೆ ಎಂದು ಪ್ರದೀಪ್ ಬಸ್ ಸ್ಟ್ಯಾಂಡಿಗೇ ತಂದು ಕೊಟ್ಟ. ದಪ್ಪ ಕಾಗದ. ನನ್ನ ಫೋಟೋ, ನಿಂಗರಾಜನ ಫೋಟೋ, ಅಕ್ಕಪಕ್ಕ.

ಸೆಪ್ಟೆಂಬರ್ ೧, ಭಾನುವಾರ

ಹೊಸದುರ್ಗ ಬಸ್ ಸ್ಟ್ಯಾಂಡ್. ಮಾತಾಡಿಸುವುದಿಲ್ಲ, ನೋಡಿಕೊಂಡು ಬರುತ್ತೇನೆ ಎಂದು ಯಶೋಧಾಗೆ ಹೇಳಿ ಹೋಗಿದ್ದೆ.

ಜುಂಜಮ್ಮ ನೆರಳಿಗೆ ಗೋಣಿತಾಟು ಹಾಸಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದೆ. ಹತ್ತು ರೂಪಾಯಿಯ ಬೇಯಿಸಿದ ಶೇಂಗಾ ತೆಗೆದುಕೊಂಡು ಪಕ್ಕದ ಕಟ್ಟೆಯ ಮೇಲೆ ಕೂತೆ. ಮೂರು ಬಸ್ಸು ಬಂದು ಹೋದವು.

“ಯಾವ ಬಸ್ಸಿಗೆ ಕಾಯ್ತಿದೀರಿ ಸಾಮಿ?”

ಬಸ್ಸಿಗಲ್ಲ, ಹಿಂದೆ ಇಲ್ಲಿ ಮೇಷ್ಟ್ರಾಗಿದ್ದೆ, ಈಗ ಒಂದು ಹಳೇ ಸಿನಿಮಾದ ಮೇಲೆ ಪುಸ್ತಕ ಬರೆಯುತ್ತಿದ್ದೇನೆ, ಊರು ನೋಡಲು ಬಂದೆ ಎಂದೆ. ಯಾವ ಪಿಚ್ಚರ್ ಎಂದರು. ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

“ಕರಿಗುಡ್ಡದ ಸೇಡಾ? ಸಾಬ್ರು ಕತ್ರಿ ಹಾಕಿದ್ರಲ್ಲ, ಆ ಪಿಚ್ಚರ್ರಾ?”

ನನ್ನ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ನಿಮಗೆ ಗೊತ್ತಿತ್ತಾ ಎಂದೆ.

“ಮೊದಲ್ನೇ ದಿನ ಹೊಡೆದ್ರು, ಮಾರನೇ ದಿನ ಹೊಡೀಲಿಲ್ಲ. ಮುಂಚೆ ಬರ್ತಿದ್ದ ಒಲೆ ಕೊನೇಗೆ ಬಂತು. ಪಿಚ್ಚರ್ ತಂತಾನೇ ಬದಲಾಗ್ತೈತಾ ಸಾಮಿ? ಮ್ಯಾಲೆ ಕಿಂಡಿಯಾಗೆ ಸಾಬ್ರು ನನ್ನೇ ನೋಡ್ತಾ ಇದ್ರು. ನಾನು ಕಾಣದಂಗೆ ಕುಂತಿದ್ದೆ. ನಂಗೆ ಗೊತ್ತಾಗೈತೆ ಅಂದ್ರೆ ಅವ್ರಿಗೆ ಸಂಕೋಚ ಆಗ್ತೈತೆ ಅಂತ ಇವತ್ತಿನಗಂಟ ಹೇಳಿಲ್ಲ.”

ನಾನು ಹನ್ನೊಂದು ಸಲ ನೋಡಿ ನಲವತ್ತು ಪುಟ ಬರೆದೆ. ಇವರು ಎರಡನೇ ದಿನಕ್ಕೇ ಅರ್ಥ ಮಾಡಿಕೊಂಡು ಮೂವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದಾರೆ. ಅತ್ತ ಹಜರತ್ ಸಾಹೇಬರೂ ಇವರಿಗಾಗಿ ಬಾಯಿ ಮುಚ್ಚಿಕೊಂಡಿದ್ದಾರೆ. ಇದನ್ನು ಬರೆಯಲಾ ಎಂದು ಕೇಳಿದೆ.

“ಬರ್ಕಳ್ರಿ. ಸಾಬ್ರ ಹೆಸ್ರು ಹಾಕ್ರಿ, ಪುಣ್ಯಾತ್ಮ.” ಸ್ವಲ್ಪ ಹೊತ್ತು ಶೇಂಗಾ ಕೆದಕುತ್ತಾ ಕೂತರು. “ಹಂಗೇ ನಮ್ಮನೇರ ಹೆಸ್ರೂ ಹಾಕ್ತೀರಾ?”

ಹಾಕುತ್ತೇನೆ, ಹೇಳಿ ಎಂದು ಪೆನ್ನು ತೆಗೆದೆ. ಅವರು ಪೆನ್ನನ್ನೇ ನೋಡಿದರು.

“ಆವತ್ತು ಪೇಪರ್ನೋನು ಹಿಂಗೇ ಪೆನ್ನು ಹಿಡ್ಕಂಡು ಹೆಸ್ರೇನಮ್ಮ ಅಂದ. ಗಂಡನ ಹೆಸ್ರು ಬಾಯಾಗೆ ಹೆಂಗೆ ಹೇಳದು? ಪಕ್ಕದಾಗೆ ಹೇಳಾಕೆ ಯಾರೂ ಇರ್ಲಿಲ್ಲ, ಮೈದ್ನ ಸ್ಟೇಷನ್‌ಗೆ ಹೋಗಿದ್ದ. ನಾನು ನೆಲ ನೋಡ್ತಾ ನಿಂತೆ. ಅವ್ನು ಕಾದ, ಕಾದ, ಬರ್ಕಂಡು ಹೋದ. ಮಾರನೇ ದಿನ ಪೇಪರ್‌ನಾಗೆ ‘ಒಬ್ಬ ಕೂಲಿಯಾಳು’ ಅಂತ ಬಂದಿತ್ತಂತೆ. ಹೊಡೆದೋರದ್ದೆಲ್ಲ ಹೆಸ್ರು ಬಂದಿತ್ತಂತೆ, ಅಪ್ಪನ ಹೆಸ್ರು ಸಮೇತ. ಸತ್ತೋರಿಗೆ ಹೆಸ್ರಿಲ್ದಂಗೆ ಮಾಡಿದೋಳು ನಾನೇ.”

ಈಗಲಾದರೂ ಹೇಳಿಬಿಡಿ ತಾಯಿ ಎಂದೆ. ತಲೆ ಅಲ್ಲಾಡಿಸಿದರು. “ಈಗ್ಲೂ ಬಾಯಾಗೆ ಬರಲ್ಲ.” ಸೊಂಟದ ಚೀಲ ಬಿಚ್ಚಿ, ಪ್ಲಾಸ್ಟಿಕ್ ಕವರಿನಿಂದ ಪಿಂಚಣಿಯ ಕಾರ್ಡು ತೆಗೆದು ನನ್ನ ಕಡೆ ತಿರುಗಿಸಿ, ‘ಇಂಥವರ ಹೆಂಡತಿ’ ಎನ್ನಲು ಬರೆಯುವ ‘ಕೋಂ’ ಎಂಬ ಅಕ್ಷರದ ಮುಂದೆ ಬೆರಳಿಟ್ಟರು. ಓದಲು ಬಾರದವರು, ಆದರೆ ಹೆಸರು ಎಲ್ಲಿದೆ ಎಂದು ಬೆರಳಿಗೆ ಗೊತ್ತು. ನೋಡಿ ಬರೆದುಕೊಂಡೆ. ಗಟ್ಟಿಯಾಗಿ ಓದಲಾ, ಸರಿಯಾ ನೋಡಿ ಎಂದೆ. ಓದಿದೆ. ಸೆರಗು ಬಾಯಿಗೆ ಹಿಡಿದುಕೊಂಡು ಇನ್ನೊಂದು ಸಲ ಓದ್ರಿ ಅಂದರು.

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಎಂಬತ್ತಾರರಲ್ಲಿ ನಾನು ಅದೇ ಊರಿನಲ್ಲಿದ್ದೆ. ದಿನವೂ ಪೇಪರ್ ಓದುತ್ತಿದ್ದೆ. ಅದೇ ಟಾಕೀಸಿನಲ್ಲಿ ಅವರ ಕೈಯಿಂದಲೇ ಶೇಂಗಾ ಕೊಂಡು ತಿನ್ನುತ್ತಾ ಪರದೆಯ ಮೇಲಿನ ಸಾವಿನ ಅರ್ಥ ಹುಡುಕುತ್ತಿದ್ದೆ. ಥೂ.

ಸೆಪ್ಟೆಂಬರ್ ೩, ಮಂಗಳವಾರ

ಹಜರತ್ ಸಾಹೇಬರಿಗೆ ಹೇಳಲು ಮತ್ತೆ ಹೋಗಿದ್ದೆ. ಆಕೆಗೆ ಮೊದಲಿನಿಂದಲೂ ಗೊತ್ತಿತ್ತು ಎಂದಾಗ ಅವರು ಸುತ್ತುತ್ತಿದ್ದ ತಂತಿ ಕೆಳಗಿಟ್ಟರು.

“ಅದಕ್ಕೇ ದಿನಾ ಕ್ಯಾಬಿನ್‌ಗೆ ಒಂದು ಪೊಟ್ಟಣ ಕಳಿಸ್ತಿದ್ಲು. ಕಾಸು ಇಸ್ಕಂತಿರ್ಲಿಲ್ಲ. ಆಪರೇಟರ್‌ಗೆ ಎಲ್ರೂ ಕೊಡಾದೇ ಅಂದ್ಕಂಡಿದ್ದೆ ಮೇಷ್ಟ್ರೇ.” ಆಮೇಲೆ, ಅವರ ಗಂಡನ ಹೆಸರು ನಿಮಗೆ ಗೊತ್ತಿತ್ತಾ ಎಂದೆ. “ಇಲ್ಲ. ಯಾವತ್ತೂ ಕೇಳ್ಲೇ ಇಲ್ಲ” ಎಂದು ಮುಖ ಆ ಕಡೆ ಮಾಡಿದರು.

ಹದಿನೈದರ ಕಾರ್ಯಕ್ರಮ ಬೇಡ ಎಂದು ಪ್ರದೀಪನಿಗೆ ಹೇಳಿದೆ. ಆಮಂತ್ರಣ ಹಂಚಿಯಾಗಿದೆ, ಹಾಲ್ ಹಿಡಿದಾಗಿದೆ ಎಂದು ಕೂಗಾಡಿದ. ನಾನೂ ಕೂಗಾಡಿದೆ. ಪೂರ್ತಿ ಕಥೆ ಕೇಳಿದ ಮೇಲೆ ದನಿ ಬದಲಾಯಿತು: “ಸರ್, ಇದು ಅದಕ್ಕಿಂತ ಚೆನ್ನಾಗೈತೆ. ‘ಕರ್ತೃ ಹಜರತ್ ಅಲಿ’ ಅಂತ ಟೈಟಲ್ ಹಾಕಾಣ.” ಮೈಯೆಲ್ಲ ಉರಿದುಹೋಯಿತು. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವ ಈ ಚಟ ಎಲ್ಲಿಂದ ಅಂಟಿಕೊಂಡಿತು ನಿನಗೆ, ಒಬ್ಬ ಸಿನಿಮಾ ತೆಗೆದ, ಒಬ್ಬರು ಕತ್ತರಿಸಿದರು, ಒಬ್ಬರು ಕತ್ತರಿಸಿದ್ದು ಕಂಡೂ ಸುಮ್ಮನಿದ್ದರು, ಹಿರಿಯೂರಿನಲ್ಲಿ ಇಬ್ಬರು ಅಕ್ಕತಂಗಿಯರು ಬೇರೆಯದನ್ನೇ ನೋಡಿ ಸಮಾಧಾನಪಟ್ಟರು, ಇಷ್ಟು ಜನ ಒಂದು ಮುಖಪುಟದಲ್ಲಿ ಹಿಡಿಸುತ್ತಾರೇನೋ ಎಂದು ಬೈದೆ. ಇಂಥ ಮೂಲಭೂತ ವಿಷಯ ತಿಳಿಯದವರೆಲ್ಲ ಪ್ರಕಾಶಕರಾಗಿದ್ದಾರೆ.

ಹಳೆಯ ಕರಡಿನ ಹಿಂಬದಿ ಖಾಲಿ ಇದೆ. ಅದರ ಮೇಲೆ ಹೊಸದಾಗಿ ಶುರುಮಾಡಿದೆ. ಯಶೋಧಾ ಎದುರಿಗೆ ಕೂತು, ಬರೆದದ್ದನ್ನು ಬರೆದಹಾಗೆ ಓದಿಸಿಕೊಂಡಳು. ಇಡೀ ದಿನ ಕೂತರೂ ಒಂದೇ ವಾಕ್ಯ ಆಯಿತು.

‘೧೯೮೬ರಲ್ಲಿ ಹೊಸದುರ್ಗದ ಬಳಿ ಇನ್ನೊಬ್ಬರ ಬದುವಿನ ಜಗಳ ಬಿಡಿಸಲು ಹೋಗಿ ಕೊಲೆಯಾದವರ ಹೆಸರು ಸಣ್ಣಪಾಲಯ್ಯ.’